ಕೆನೆ ಕಟ್ಟದ ಗಾಜು

ನಮ್ಮೂರಿಗೆ ಬಂದ ನೆಂಟರು ಮೊದಲ ದಿನ ಊಟಕ್ಕೆ ಕೂತಾಗ ಗಾಬರಿಯಾಗುತ್ತಾರೆ. ಅನ್ನದ ಮೇಲೆ ನಾವು ತುಪ್ಪ ಬಡಿಸುವುದು ಚಮಚದಲ್ಲಲ್ಲ, ಸೌಟಿನಲ್ಲಿ. "ಅಯ್ಯಯ್ಯೋ, ಸಾಕು ಸಾಕು" ಎಂದು ಅವರು ಎಲೆಗೆ ಕೈ ಅಡ್ಡ ಹಿಡಿದರೆ ನಮಗೆ ನಗು. ತುಪ್ಪ ನಮಗೆ ಬರೀ ರುಚಿ. ನಾಲಗೆಗೆ ಸಿಕ್ಕಿದ್ದೇ ಲಾಭ. ಅದು ಈ ಊರಿನವರ ಮೈಯಲ್ಲಿ ನಿಲ್ಲುವುದಿಲ್ಲ. ಎಣ್ಣೆ, ಬೆಣ್ಣೆ, ಕೊಬ್ಬರಿ, ಯಾವುದೂ ನಿಲ್ಲುವುದಿಲ್ಲ. ಒಂದು ಬಾಗಿಲಲ್ಲಿ ಬಂದು ಇನ್ನೊಂದು ಬಾಗಿಲಲ್ಲಿ ಹೊರಟುಹೋಗುತ್ತವೆ. ಬೆಳಗಿನ ಹೊತ್ತು ಊರಾಚೆಯ ಹಳ್ಳದ ನೀರಿನ ಮೇಲೆ ಬಣ್ಣಬಣ್ಣವಾಗಿ ಹೊಳೆಯುವುದನ್ನು ಕಂಡವರಿಗೆ ಮಿಕ್ಕಿದ್ದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಂಜೆಯ ಸಂಗತಿ ಇನ್ನೊಂದು. ಹೊತ್ತು ಮುಳುಗಿದ ಮೇಲೆ ನಮಗೆ ಕಣ್ಣು ಕಾಣುವುದಿಲ್ಲ. ದೀಪದ ಪಕ್ಕದಲ್ಲೇ ಕೂತರೆ ತಟ್ಟೆ ಕಂಡೀತು, ಹೊಸಿಲಾಚೆಗೆ ಎಲ್ಲ ಕಪ್ಪು. ಅದಕ್ಕೇ ಬೀದಿ ಬೀದಿಗೂ ಸೊಂಟದೆತ್ತರಕ್ಕೆ ತೆಂಗಿನ ನಾರಿನ ಹಗ್ಗ ಕಟ್ಟಿದ್ದೇವೆ. ಪ್ರತಿ ಮನೆಯ ಎದುರಿಗೆ ಒಂದೊಂದು ಬಗೆಯ ಗಂಟು, ಬೆರಳಿಗೆ ತಾಗಿದರೆ ಯಾರ ಮನೆ ಎಂದು ಗೊತ್ತಾಗುತ್ತದೆ. ಎದುರಿನಿಂದ ಬಂದವರ ಕೈ ತಗುಲಿದರೆ "ಯಾರದು?" ಎನ್ನಬೇಕು. ಅವರು ಹೆಸರು ಹೇಳಿ "ಊರಿನವರು" ಎನ್ನಬೇಕು. ಆಮೇಲೆ ಒಬ್ಬರ ಕೈಯನ್ನು ಇನ್ನೊಬ್ಬರ ಕೈಯ ಮೇಲಿಂದ ದಾಟಿಸಿಕೊಂಡು ಹೋಗಬೇಕು. ಹೊರಗಿನವರು ಹಗ್ಗ ಮುಟ್ಟುವ ಹಾಗಿಲ್ಲ. ಅವರಿಗೆ ಕಣ್ಣಿದೆಯಲ್ಲ, ಚರಂಡಿಯ ಬದಿಗೆ ನಡೆದುಕೊಳ್ಳಲಿ ಎಂದು ಹಿಂದಿನವರ ಕಟ್ಟಳೆ. ಸೊಸೆಯಾಗಿ ಬಂದವರಿಗೂ ವರ್ಷ ತುಂಬುವುದರೊಳಗೆ ಮುಸ್ಸಂಜೆ ಮಸುಕಾಗುತ್ತಾ ಬರುತ್ತದೆ. ಯಾಕೆ ಎಂದು ಯಾರೂ ಕೇಳುವುದಿಲ್ಲ. ಮಳೆ ಯಾಕೆ ಬರುತ್ತದೆ ಎಂದು ಕೊಡೆ ಹಿಡಿದವರು ಕೇಳುತ್ತಾರೆಯೇ?

ನಾನು ಕೇಳುತ್ತೇನೆ. ನನಗೆ ಹುಟ್ಟಿನಿಂದ ಬಂದ ರೋಗ ಅದು. "ಈ ಹುಡುಗಿಗೆ ಹೆಸರಿಡೋ ಬದಲು 'ಯಾಕೆ' ಅಂತಲೇ ಕರೀಬಹುದಿತ್ತು" ಎಂದು ನನ್ನ ಅಜ್ಜಿ ಗೊಣಗುತ್ತಿದ್ದಳು. ಇಟ್ಟ ಹೆಸರು ಚೆನ್ನಾಜಮ್ಮ. ಕರೆಯುವುದು ಗಾಜಕ್ಕ ಎಂದು, ಏಕೆಂದರೆ ಊರಿನ ಗಾಜು ನೋಡುವವಳು ನಾನು. ನನ್ನ ಅತ್ತೆ ನೋಡುತ್ತಿದ್ದಳು, ಅವಳ ಕಣ್ಣು ಮಂಜಾದ ಮೇಲೆ ಸೂಜಿ, ಗಾಜಿನ ಕೊಳವೆ, ಅರಿಶಿನದ ಹತ್ತಿ ಎಲ್ಲ ನನ್ನ ಕೈಗೆ ಬಂತು.

ಗಾಜು ನೋಡುವುದೆಂದರೆ ಹೀಗೆ. ಹೊರಗಿನಿಂದ ಬಂದು ಇಲ್ಲಿ ನೆಲೆಸಬೇಕೆನ್ನುವವರು ವರ್ಷ ತುಂಬಿದ ದಿನ ಚಾವಡಿಗೆ ಬಂದು ಒಂದು ಸೌಟು ತುಪ್ಪ ಕುಡಿಯಬೇಕು. ಸ್ವಲ್ಪ ಹೊತ್ತು ಬಿಟ್ಟು ನಾನು ಅವರ ತೋಳಿನಿಂದ ರಕ್ತ ತೆಗೆದು ಗಾಜಿನ ಕೊಳವೆಯಲ್ಲಿ ಬಿಡುತ್ತೇನೆ. ರಕ್ತ ಗಡ್ಡೆಕಟ್ಟಿ ಕೆಳಗೆ ಕೂತು ಮೇಲೆ ನೀರು ನಿಲ್ಲುತ್ತದೆ. ಆ ನೀರು ತಿಳಿಯಾಗಿದ್ದರೆ ತುಪ್ಪ ರಕ್ತಕ್ಕೆ ಇಳಿದಿಲ್ಲ, ಅವರ ಮೈ ಊರನ್ನು ಒಪ್ಪಿದೆ ಎಂದರ್ಥ. ಅವತ್ತಿನಿಂದ ಅವರಿಗೆ ಬಾವಿಯ ನೀರಿನಲ್ಲಿ ಪಾಲು, ಮನೆಯ ಮುಂದೆ ಗಂಟು, ಸಂಜೆಗೆ ಹಗ್ಗ. ನೀರು ಬೆಳ್ಳಗಿದ್ದರೆ ಮುಂದಿನ ಅಮಾವಾಸ್ಯೆಯೊಳಗೆ ಊರು ಬಿಡಬೇಕು. ಇಷ್ಟನ್ನೂ ಹೊತ್ತು ಮುಳುಗುವುದರೊಳಗೆ ನೋಡಿ ಮುಗಿಸಿ ಗಾಜು ತೊಳೆದಿಡಬೇಕು. ಕತ್ತಲಾದ ಮೇಲೆ ನಮಗೆ ಗಾಜೇನು, ಗೋಡೆಯೂ ಕಾಣುವುದಿಲ್ಲ.

ಈಗ ಪಂಪಣ್ಣನ ವಿಷಯಕ್ಕೆ ಬರುತ್ತೇನೆ. ಅವನು ಬಡಗಣ ಸೀಮೆಯವನು, ಬೇಕರಿ ಕೆಲಸದವನು. ಹೆಂಡತಿ ಹುಲಿಗೆವ್ವ, ಮಗಳು ಸುಗುಣ. ಅವರು ನಮ್ಮೂರಿಗೆ ಬಂದದ್ದೇ ಆ ಮಗುವಿಗಾಗಿ. ಅಲ್ಲಿ ಅದರ ರಕ್ತ ಯಾವಾಗ ತೆಗೆದರೂ ಹಾಲಿನ ಹಾಗಿರುತ್ತಿತ್ತಂತೆ. ತಿಂದ ಕೊಬ್ಬು ರಕ್ತಕ್ಕೆ ಇಳಿದ ಮೇಲೆ ಅದನ್ನು ಕರಗಿಸಿ ಮೈಗೆ ಹಂಚುವ ಕಸುವು ಹುಟ್ಟಿನಿಂದಲೇ ಇಲ್ಲ ಎಂದಿದ್ದರಂತೆ ಅಲ್ಲಿಯ ಡಾಕ್ಟರು. ಒಗ್ಗರಣೆಯ ಎಣ್ಣೆ ಒಂದಿಷ್ಟು ಹೆಚ್ಚಾದರೆ ಸಾಕು, ಹೊಟ್ಟೆ ಹಿಡಿದುಕೊಂಡು ಹೊರಳಾಡುವುದು, ವಾಂತಿ, ಆಸ್ಪತ್ರೆ. ಕೊಬ್ಬು ಒಳಗೇ ಇಳಿಯದ ಊರೊಂದಿದೆ ಎಂದು ಯಾರೋ ಹೇಳಿದ್ದನ್ನು ಕೇಳಿ ಗಂಟುಮೂಟೆ ಕಟ್ಟಿಕೊಂಡು ಬಂದರು. ಇಲ್ಲಿಯ ನೀರು ಕುಡಿದು ಕೆಲವು ತಿಂಗಳಿಗೇ ಮಗು ಕೋಡುಬಳೆ ಕಡಿಯುತ್ತಾ ಬೀದಿಯಲ್ಲಿ ಕುಂಟಾಬಿಲ್ಲೆ ಆಡುವಂತಾಯಿತು. ಅದನ್ನು ನೋಡುತ್ತಾ ಹುಲಿಗೆವ್ವ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನೇ ಕಂಡಿದ್ದೇನೆ.

ಪಂಪಣ್ಣ ಚಾವಡಿಯ ಪಕ್ಕದಲ್ಲಿ ಬೇಕರಿ ಇಟ್ಟ. ಬನ್ನು, ದಿಲ್‌ಪಸಂದ್, ಬೆಣ್ಣೆ ಬಿಸ್ಕತ್ತು, ಮೈಸೂರುಪಾಕು. ನಮ್ಮವರು ಮುಗಿಬಿದ್ದರು. "ಅಕ್ಕಾರ, ನಿಮ್ಮೂರಾಗ ತುಪ್ಪ ಹಾಕೂದು ಬರೇ ವಾಸನಿಗ್ರಿ. ಹೊಟ್ಟಿ ತುಂಬಸೂದು ಸಕ್ರಿ" ಎನ್ನುತ್ತಿದ್ದ. ನಿಜ. ಹೊಸದಾಗಿ ಬಂದವರಿಗೆಲ್ಲ ಇಲ್ಲಿ ಬಕಾಸುರನ ಹಸಿವು. ತುಪ್ಪ ಮೈಗೆ ಹತ್ತದಿದ್ದರೆ ಮೈ ಸುಮ್ಮನಿರುತ್ತದೆಯೇ, ಬೇರೇನಾದರೂ ಕೊಡು ಎಂದು ಪೀಡಿಸುತ್ತದೆ. ಪಂಪಣ್ಣ ಪಾಕ ಎಳೆ ಬಂತೇ ಎಂದು ನೆಕ್ಕಿ ನೋಡುವುದು, ಬನ್ನು ಬೆಂದಿತೇ ಎಂದು ಮುರಿದು ತಿನ್ನುವುದು, ಒಡೆದ ಬಿಸ್ಕತ್ತು ಬಾಯಿಗೆ ಎಸೆದುಕೊಳ್ಳುವುದು, ದಿನವಿಡೀ ಇದೇ. ವರ್ಷದೊಳಗೆ ಅವನ ಅಂಗಿಯ ಗುಂಡಿಗಳು ಹೊಟ್ಟೆಯ ಮೇಲೆ ಬಿಗಿದುಕೊಂಡವು. ಹುಲಿಗೆವ್ವ ಮಾತ್ರ ಕಡ್ಡಿ. "ಬೇಕರ್ಯಾಂವನ ಹೆಂಡ್ತಿ ಆದಾಗಿಂದ ನಂಗ ಸಿಹಿ ಕಂಡ್ರ ವಾಕರಿಕಿ ಬರ್ತೈತ್ರಿ. ಒಂದ್ ಕಟಕ್ ರೊಟ್ಟಿ, ಪುಂಡಿಪಲ್ಲೆ ಇದ್ರ ಮುಗೀತು" ಎನ್ನುತ್ತಿದ್ದಳು. ಮಗುವಿಗೂ ಅವಳು ಸಿಹಿಯನ್ನು ಅಳೆದೂ ಸುರಿದೂ ಕೊಡುತ್ತಿದ್ದಳು, ಹಳೆಯ ಹೆದರಿಕೆ.

ವರ್ಷ ತುಂಬಿದ ದಿನ ಮೂವರೂ ಚಾವಡಿಗೆ ಬಂದರು. ಪಟೇಲ್ ಈರಭದ್ರಪ್ಪನವರು ಎಂದಿನಂತೆ ಕಂಬಕ್ಕೆ ಒರಗಿ ಕೂತಿದ್ದರು. ಅವರು ಕೆಟ್ಟವರಲ್ಲ, ಕಟ್ಟಳೆಯ ಮನುಷ್ಯ. ಸ್ವಂತ ತಮ್ಮನ ಹೆಂಡತಿಯ ಗಾಜು ಬೆಳ್ಳಗಾದಾಗಲೂ "ಹೊರಡಮ್ಮ" ಎಂದವರು. ಮೂವರೂ ತುಪ್ಪ ಕುಡಿದರು. ನಾನು ರಕ್ತ ತೆಗೆದೆ. ಪಂಪಣ್ಣನ ತೋಳಿನಲ್ಲಿ ಸೂಜಿ ತೆಗೆದ ಜಾಗ ಜಿನುಗುತ್ತಲೇ ಇತ್ತು. ಹತ್ತಿ ಒತ್ತಿ ಹಿಡಿದು ನನ್ನ ಹೆಬ್ಬೆರಳು ಸೋತಿತು. ಮೊಣಕಾಲ ಕೆಳಗೆ ಹಸಿರು, ನೀಲಿ ಕಲೆಗಳು ಕಂಡವು. ಒಲೆಯ ಕಟ್ಟೆಗೆ ತಗುಲಿಸಿಕೊಂಡಿರಬೇಕು ಅಂದುಕೊಂಡೆ.

ಹುಲಿಗೆವ್ವನ ಗಾಜು ತಿಳಿ. ಸುಗುಣಳ ಗಾಜು ಇನ್ನೂ ತಿಳಿ, ಹುಟ್ಟಿದ ಮೇಲೆ ಮೊದಲ ಸಲ ಅದರ ರಕ್ತ ಹಾಗಿದ್ದದ್ದು. ಹುಲಿಗೆವ್ವ ಕೊಳವೆಯನ್ನು ಬೆಳಕಿಗೆ ಹಿಡಿದು "ನೋಡವ್ವಾ, ನಿನ್ ರಗತ ನೋಡು" ಎಂದು ಮಗಳಿಗೆ ತೋರಿಸಿದಳು. ಪಂಪಣ್ಣನ ಗಾಜು ಅಕ್ಕಿ ತೊಳೆದ ಅಕ್ಕಚ್ಚಿನ ಹಾಗೆ ಬೆಳ್ಳಗಿತ್ತು.

ಪಟೇಲರು ಗಾಜನ್ನು ಎತ್ತಿ, ತಿರುಗಿಸಿ, ನನಗೆ ವಾಪಸು ಕೊಟ್ಟರು. "ತಾಯಿ ಮಗಳು ಇರಬಹುದು. ನೀನು ಅಮಾವಾಸ್ಯೆಗೆ ಹೊರಡಬೇಕಾಗುತ್ತಪ್ಪ. ನನ್ನ ಕೈಲಿ ಏನೂ ಇಲ್ಲ" ಎಂದರು.

"ಇವರನ್ ಬಿಟ್ಟು ನಾ ಎಲ್ಲಿಗ್ ಹೋಗ್ಲಿ ಯಜಮಾನ್ರ? ಇವರನ್ ಕರ್ಕೊಂಡ್ ಹೋದ್ರ ಕೂಸು ಉಳಿಯಂಗಿಲ್ಲ" ಎಂದ ಪಂಪಣ್ಣ. ಅವನ ದನಿ ಏರಲಿಲ್ಲ. ಸುಗುಣ ಅಪ್ಪನ ಸೊಂಟ ತಬ್ಬಿಕೊಂಡು "ನಾನೂ ಬರ್ತೀನಿ, ನಾನೂ ಬರ್ತೀನಿ" ಎಂದು ಅಳತೊಡಗಿತು. ಸೂಜಿ ಗಾಜುಗಳನ್ನು ಚೀಲಕ್ಕೆ ತುರುಕಿಕೊಂಡು, ತೊಳೆಯಬೇಕೆನ್ನುವುದನ್ನೂ ಮರೆತು, ಹಗ್ಗ ಹಿಡಿದು ಮನೆಗೆ ಬಂದುಬಿಟ್ಟೆ. ಚೀಲವನ್ನು ನೀರಿನ ಹರವಿಯ ಪಕ್ಕ ತಂಪಿನಲ್ಲಿಟ್ಟು ಉಣ್ಣದೆ ಮಲಗಿದೆ.

ಬೆಳಿಗ್ಗೆ ತೊಳೆಯಲೆಂದು ತೆಗೆದಾಗ ಪಂಪಣ್ಣನ ಗಾಜು ಹಾಗೇ ಇತ್ತು. ಮೇಲಿಂದ ಕೆಳಗಿನವರೆಗೂ ಒಂದೇ ಸಮ ಮಬ್ಬು. ಹಾಲಾಗಿದ್ದರೆ ಕೆನೆ ಕಟ್ಟಬೇಕಿತ್ತಲ್ಲ ಎಂದು ಅನ್ನಿಸಿತು. ತುಪ್ಪ ನೀರಿನಲ್ಲಿದ್ದರೆ ಮೇಲಕ್ಕೆ ಬರುತ್ತದೆ, ಇದು ಎಳೆಮಗುವಿಗೂ ಗೊತ್ತು. ರಾತ್ರಿಯೆಲ್ಲ ಅಲುಗಾಡದೆ ಕೂತರೂ ಇದೇಕೆ ತೇಲಲಿಲ್ಲ? ಹೊರಗಿನವರ ಗಾಜು ಮರುದಿನ ಬೆಳಿಗ್ಗೆ ಹೇಗಿರುತ್ತದೆ ಎಂದು ನನ್ನನ್ನೇ ಕೇಳಿಕೊಂಡೆ. ಗೊತ್ತಿರಲಿಲ್ಲ. ನನ್ನ ಅತ್ತೆಗೂ ಗೊತ್ತಿರಲಿಲ್ಲ, ಅವಳ ಅತ್ತೆಗೂ. ಸಂಜೆಯೊಳಗೆ ತೊಳೆದಿಡುವ ಗಾಜನ್ನು ಬೆಳಿಗ್ಗೆ ನೋಡಿದವರು ಯಾರು?

ಅದೃಷ್ಟಕ್ಕೆ ಆ ವಾರ ಪಾತ್ರೆ ಮಾರುವ ಮುನಿಶಾಮಿ ಬಂದ. ಹೊರಗಿನವನು, ಊರೂರು ಅಲೆಯುವವನು. ಕರೆದು ಕೂರಿಸಿ ಹೋಳಿಗೆಗೆ ಸೌಟುಗಟ್ಟಲೆ ತುಪ್ಪ ಸುರಿದೆ. "ಏನಮ್ಮಣ್ಣಿ ಇವತ್ತು ಇಷ್ಟು ಪ್ರೀತಿ?" ಎಂದ. "ತಿನ್ನು ತಿನ್ನು, ಆಮೇಲೆ ಹೇಳ್ತೀನಿ" ಎಂದೆ. ಸೂಜಿ ಕಂಡಾಗ ಎದ್ದು ಓಡುವವನಿದ್ದ. ಒಂದು ಕೊಳಗ ಕೊಂಡುಕೊಳ್ಳುತ್ತೇನೆ ಎಂದ ಮೇಲೆ ತೋಳು ಚಾಚಿ ಕಣ್ಣು ಮುಚ್ಚಿಕೊಂಡ. ಹತ್ತಿ ಇಡುವಷ್ಟರಲ್ಲೇ ಅವನ ರಕ್ತ ನಿಂತುಹೋಯಿತು. ಸಂಜೆ ಅವನ ಗಾಜೂ ಬೆಳ್ಳಗಿತ್ತು. ಬೆಳಿಗ್ಗೆ ನೋಡುತ್ತೇನೆ, ಮೇಲೆ ಬೆರಳುಗುರಿನಷ್ಟು ದಪ್ಪ ಕೆನೆ, ಅದರ ಕೆಳಗೆ ನೀರು ತಿಳಿ! ಪಂಪಣ್ಣನ ಗಾಜನ್ನು ಪಕ್ಕದಲ್ಲಿಟ್ಟೆ. ಅದು ಅದೇ ಮಬ್ಬು. ನನಗೆ ಒಬ್ಬಳೇ ಕೂತು ಚಪ್ಪಾಳೆ ತಟ್ಟುವ ಹಾಗಾಯಿತು.

ಎರಡನ್ನೂ ಸೆರಗಿನಲ್ಲಿ ಸುತ್ತಿಕೊಂಡು ಪಟೇಲರ ಮನೆಗೆ ಓಡಿದೆ. ಅವರು ಹಲ್ಲುಜ್ಜುತ್ತಿದ್ದರು.

"ಪಟೇಲ್ರೆ, ಬೆಳ್ಳಗಿರೋದೆಲ್ಲ ಹಾಲಲ್ಲ ಅಂತಾರಲ್ಲ, ನೋಡಿ ಇಲ್ಲಿ. ಇದು ಬಾಯಿಂದ ಹೋದ ತುಪ್ಪ, ತೇಲಿದೆ. ಇದು ತೇಲಿಲ್ಲ. ಇದು ತುಪ್ಪ ಅಲ್ಲ."

ಅವರು ಬಾಯಿ ಮುಕ್ಕಳಿಸಿ ಉಗುಳಿ, ಎರಡನ್ನೂ ನೋಡಿದರು. "ತುಪ್ಪ ಅಲ್ಲದಿದ್ರೆ ಏನು?"

"ಕೊಬ್ಬೇ. ಆದ್ರೆ ತಿಂದದ್ದಲ್ಲ."

"ತಿನ್ನದ ಕೊಬ್ಬು ಎಲ್ಲಿಂದ ಬರುತ್ತಮ್ಮ? ಆಕಾಶದಿಂದ ಉದುರುತ್ತಾ? ಬಿಳಿ ಅಂದ್ರೆ ಬಿಳಿ ಕಣೆ ಚೆನ್ನಾಜಿ. ಪಾಪ ಅನ್ಸುತ್ತೆ ನಂಗೂ. ಆದ್ರೆ ನೀನು ನನ್ನ ಮೂಗಿಗೆ ತುಪ್ಪ ಸವರೋಕೆ ಬರಬೇಡ."

ಎಲ್ಲಿಂದ ಬರುತ್ತದೆ? ತಲೆ ಕೆರೆದುಕೊಳ್ಳುತ್ತಾ ಮನೆಗೆ ಬಂದು ಎಮ್ಮೆಗೆ ಹುಲ್ಲು ಹಾಕಿದೆ. ಅದು ನಿಧಾನಕ್ಕೆ ಮೆಲುಕು ಹಾಕುತ್ತಾ ನನ್ನನ್ನೇ ನೋಡುತ್ತಿತ್ತು. ಒಳಗೆ ಗಡಿಗೆಯಲ್ಲಿ ಅದರ ಬೆಣ್ಣೆ ತುಂಬಿತ್ತು. ನಾನು ಹುಲ್ಲಿನ ಕಂತೆ ಹಿಡಿದುಕೊಂಡೇ ನಿಂತುಬಿಟ್ಟೆ. ಅಯ್ಯೋ ನನ್ನ ಬುದ್ಧಿಗಿಷ್ಟು! ಎಮ್ಮೆ ಯಾವತ್ತು ಬೆಣ್ಣೆ ತಿಂದಿತ್ತು? ಹುಲ್ಲು, ಬೂಸ ತಿಂದು ಬೆಣ್ಣೆ ಕೊಡುವುದಿಲ್ಲವೇ? ತುಪ್ಪ ನಿಲ್ಲದ ನಮ್ಮೂರಿನಲ್ಲೂ ಪಟೇಲರಿಗೆ ಆ ಹೊಟ್ಟೆ ಎಲ್ಲಿಂದ ಬಂತು? ಮೈಯೊಳಗೆ ಎಲ್ಲೋ ಒಂದು ಗಾಣ ಇದೆ. ಹೊರಗಿನಿಂದ ಎಣ್ಣೆ ಬಾರದಿದ್ದರೆ ಅದು ತಾನೇ ತಿರುಗಿ, ಅನ್ನ ಸಕ್ಕರೆಯನ್ನೇ ಅರೆದು ಕೊಬ್ಬು ಮಾಡಿ ರಕ್ತಕ್ಕೆ ಬಿಡುತ್ತದೆ.

ಗಾಣ ಎಲ್ಲಿದೆ ಎಂದು ಮಾಂಸದಂಗಡಿಯ ಬುಡನ್ ಸಾಬರನ್ನು ಕೇಳಿದೆ. ಅವರು ನಕ್ಕು, "ಬೇಕರಿ ಹಿಂದೆ ಬಾತುಕೋಳಿ ಸಾಕವ್ನಲ್ಲ ಪಂಪಣ್ಣ, ಒಂದು ನಂಗೆ ಮಾರಿದ್ದ. ಹಳೇ ಬನ್ನು ಬಿಟ್ರೆ ಬೇರೇನೂ ತಿಂದಿಲ್ಲ ಅದು. ಅದರ ಈಲಿ ನೋಡ್ಬೇಕಿತ್ತು ನೀವು, ಇಷ್ಟಗಲ, ಬೆಣ್ಣೆ ಇದ್ದಂಗೆ ಹಳದಿ! ಬೆರಳಿಟ್ರೆ ಒಳಕ್ಕೋಗೋದು. ಗದ್ದೇಲಿ ಮೇಯೋ ಬಾತುಗಳ ಈಲಿ ಕೆಂಪಗೆ ಗಟ್ಟಿ ಇರ್ತದೆ" ಎಂದರು. ಈಲಿ ಎಂದರೆ ಪಿತ್ತಜನಕಾಂಗ. ನನಗೆ ಗಾಣದ ವಿಳಾಸ ಸಿಕ್ಕಿತು.

ಸೀದಾ ಬೇಕರಿಗೆ ಹೋದೆ. ಪಂಪಣ್ಣ ತಟ್ಟೆಗಳನ್ನು ಗೋಣಿಯಲ್ಲಿ ಕಟ್ಟುತ್ತಿದ್ದ. ಮಗುವಿನ ಕಣ್ಣು ಅತ್ತು ಅತ್ತು ಊದಿಕೊಂಡಿತ್ತು.

"ಬಿಚ್ಚು ಅದನ್ನ" ಎಂದೆ. "ಇವತ್ತಿಂದ ಅಮಾವಾಸ್ಯೆವರೆಗೂ ಒಂದು ಹರಳು ಸಕ್ಕರೆ ನಿನ್ನ ನಾಲಗೆಗೆ ತಾಗಬಾರದು. ಮೈದಾ ಇಲ್ಲ, ಬನ್ನಿಲ್ಲ. ಸೊಪ್ಪು, ಹುರುಳಿಕಾಳು, ಮೊಟ್ಟೆ, ಮೇಲೆ ತುಪ್ಪ. ತುಪ್ಪ ಎಷ್ಟು ಬೇಕಾದ್ರೂ ಕುಡಿ."

"ಪಾಕ ನೋಡೂದು ಹ್ಯಾಂಗ್ರಿ ಅಕ್ಕಾರ? ರುಚಿ ನೋಡ್ದ ಪಾಕ ಇಳಸಾಕ ನಂಗ ಬರಂಗಿಲ್ಲ" ಎಂದ, ಊರು ಬಿಡುವುದಕ್ಕಿಂತ ಅದೇ ದೊಡ್ಡ ಕಷ್ಟ ಎನ್ನುವ ಹಾಗೆ.

"ಪಾಕ ನಾನು ನೋಡ್ತೀನಿ."

ಹುಲಿಗೆವ್ವ ನನ್ನ ಎರಡೂ ಕೈ ಹಿಡಿದುಕೊಂಡಳು. "ಅಕ್ಕಾರ, ಇದರಿಂದ ಉಳೀತಾರೇನ್ರಿ ಇವ್ರು?" ಎಂದಳು. ಗೊತ್ತಿಲ್ಲಮ್ಮ ಎಂದು ನಿಜವನ್ನೇ ಹೇಳಿದೆ.

ಅವತ್ತಿನಿಂದ ಬೇಕರಿಯಲ್ಲಿ ರುಚಿ ನೋಡುವವಳು ನಾನಾದೆ. ಏಳು ತಲೆಮಾರಿನಿಂದ ಈ ಊರಿನವಳು, ನನ್ನ ರಕ್ತ ಬೆಳ್ಳಗಾಗುವುದುಂಟೇ ನೋಡೇಬಿಡೋಣ ಎನ್ನುವ ಹಟ. ಬೆಳಿಗ್ಗೆ ಬನ್ನು, ಮಧ್ಯಾಹ್ನ ದಿಲ್‌ಪಸಂದ್, ನಡುನಡುವೆ ಪಾಕ. ಮೊದಮೊದಲು ಸ್ವರ್ಗ. ಆಮೇಲೆ ಕನಸಿನಲ್ಲೂ ಸಕ್ಕರೆಯ ಚೀಲಗಳು ಬರತೊಡಗಿದವು. ರವಿಕೆಯ ತೋಳು ಬಿಗಿಯಾಯಿತು. ಪಂಪಣ್ಣ ಹುರುಳಿಯ ಉಸಲಿ ಅಗಿಯುತ್ತಾ ನನ್ನನ್ನು ಅಸೂಯೆಯಿಂದ ನೋಡುತ್ತಿದ್ದ. "ಎಳಿ ಬಂತೇನ್ರಿ?" ಎಂದು ಕೇಳುವಾಗ ಅವನ ಗಂಟಲು ಮೇಲೆ ಕೆಳಗೆ ಆಡುತ್ತಿತ್ತು. ಸಂಜೆಯಾಗುತ್ತಲೇ ಮಾತ್ರ ಅವನು ಬೇಗ ಬೇಗ ಬಾಗಿಲು ಹಾಕಿಬಿಡುತ್ತಿದ್ದ. ಮನೆಯವರೊಡನೆ ಇರುವ ದಿನ ಎಣಿಸುತ್ತಿದ್ದಾನೆ ಪಾಪ ಅಂದುಕೊಳ್ಳುತ್ತಿದ್ದೆ.

ಅಮಾವಾಸ್ಯೆಯ ದಿನ ಇಳಿಹೊತ್ತಿಗೆ ಊರು ಚಾವಡಿಯಲ್ಲಿ ಸೇರಿತು. ಮಧ್ಯಾಹ್ನವೇ ನಾನು ಮತ್ತು ಪಂಪಣ್ಣ ಒಂದೊಂದು ಸೌಟು ತುಪ್ಪ ಕುಡಿದಿದ್ದೆವು. ಅವನ ರಕ್ತ ನಾನು ತೆಗೆದಿದ್ದೆ, ನನ್ನದನ್ನು ನನ್ನ ಅತ್ತೆ ತಡಕಾಡಿಕೊಂಡೇ ತೆಗೆದಿದ್ದಳು. ಮಂಜುಗಣ್ಣಾದರೂ ಕೈ ಮರೆತಿರಲಿಲ್ಲ. ಎರಡು ಗಾಜನ್ನೂ ಕಿಟಕಿಯ ಕಟ್ಟೆಯ ಮೇಲೆ ಇಟ್ಟೆ. ಒಂದು ಜೇನು ಬೆರೆಸಿದ ನೀರಿನಂತೆ ತಿಳಿ. ಇನ್ನೊಂದು ಅಕ್ಕಚ್ಚು.

ಪಟೇಲರು ಅಕ್ಕಚ್ಚನ್ನು ಎತ್ತಿ ತೋರಿಸಿದರು. "ಆಯ್ತಲ್ಲಮ್ಮ. ಮತ್ತೆ ನೋಡಿದ್ದಾಯ್ತು, ಮತ್ತೆ ಬೆಳ್ಳಗೇ ಇದೆ. ಪಂಪಣ್ಣ, ಮನಸ್ಸಿಗೆ ಹಚ್ಕೋಬೇಡಪ್ಪ."

"ಅದು ನಂದು ಪಟೇಲ್ರೆ" ಎಂದೆ.

ಚಾವಡಿಯಲ್ಲಿ ಗುಸುಗುಸು ಎದ್ದಿತು. ನನ್ನ ಅತ್ತೆ ಮೂಲೆಯಿಂದ, "ಹೌದು ಕಣೋ ಈರಭದ್ರ. ನಾನೇ ತೆಗ್ದಿದ್ದು. ನನ್ನ ಸೊಸೆನ ಯಾವೂರಿಗೆ ಅಟ್ತೀಯ?" ಎಂದಳು. ಕೆಲವರು ನಕ್ಕರು. ನಾನು ಎಮ್ಮೆ, ಬಾತುಕೋಳಿ, ಮುನಿಶಾಮಿಯ ಕೆನೆ ಎಲ್ಲ ಹೇಳಿದೆ. "ತುಪ್ಪ ನಿಲ್ಲದಿದ್ದರೂ ಮೈಗೆ ಕೊಬ್ಬು ಬೇಕು. ಅದಕ್ಕೇ ಒಳಗಿನ ಗಾಣ ಒಂದಕ್ಕೆರಡು ತಿರುಗುತ್ತೆ. ನಾವು ಮಿತವಾಗಿ ತಿಂದ್ರೆ ಮಾಡಿದಷ್ಟೂ ಖರ್ಚಾಗಿ ರಕ್ತ ತಿಳಿಯಾಗಿರುತ್ತೆ. ಹೊತ್ತುಗೊತ್ತಿಲ್ಲದೆ ಸಕ್ಕರೆ ಸುರಿದ್ರೆ ಗಾಣದಿಂದ ಉಕ್ಕಿ ರಕ್ತಕ್ಕೆ ಬರುತ್ತೆ. ಇವನಿಗೆ ಆಗಿದ್ದು ಅದು" ಎಂದೆ. ಗೆದ್ದೆ ಅಂದುಕೊಂಡೆ.

ಪಟೇಲರು ಎರಡು ಗಾಜನ್ನೂ ಬೆಳಕಿಗೆ ಹಿಡಿದು ನೋಡಿದರು. ಹೊರಗೆ ಬಿಸಿಲು ಕೆಂಪಾಗಿ ಕಿಟಕಿಯಿಂದ ಇಳಿಯಿತು. ಆಮೇಲೆ ಮೆಲ್ಲಗೆ, "ಚೆನ್ನಾಜಿ, ನೀನು ಹೇಳಿದ್ದು ನಂಬ್ತೀನಿ. ಆದ್ರೆ ಒಂದು ಕೇಳ್ತೀನಿ, ಸಿಟ್ಟಾಗಬೇಡ. ಊರಿನವಳದ್ದೂ ಬೆಳ್ಳಗಾಗಬಹುದು ಅಂತ ತೋರಿಸಿದೆ. ಹಾಗಾದ್ರೆ ಈ ಗಾಜಿಂದ ಯಾರು ಊರಿನವರು ಅಂತ ಹೇಳೋದು ಹೇಗೆ? ಇವನ ಗಾಜು ಇವತ್ತು ತಿಳಿ ಇದೆ, ಸರಿ. ಪಥ್ಯ ಮಾಡಿಸಿ ತಿಳಿ ಮಾಡಿದೀಯ ಅಂತ ನಾಳೆ ಇನ್ನೊಬ್ಬ ಅಂದ್ರೆ? ನೀನು ಅವನನ್ನ ಉಳಿಸ್ಲಿಲ್ಲ, ಗಾಜನ್ನ ಒಡೆದುಹಾಕಿದೆ" ಎಂದರು.

ತುಪ್ಪ ಕುಡಿದವರ ಗಾಜಿನಲ್ಲಿ ಕೆನೆ ಕಟ್ಟಿದರೆ ಹೊರಗಿನವರು, ಕಟ್ಟದಿದ್ದರೆ ಊರಿನವರು, ನನ್ನದನ್ನೇ ಬೆಳಿಗ್ಗೆ ನೋಡಿ ಎಂದೆ. "ಅಮಾವಾಸ್ಯೆ ಇವತ್ತು" ಎಂದರು ಅವರು. ನಾನು ಏನೇನೋ ಹೇಳಿದೆ, ಯಾರ್‍ಯಾರೋ ಏನೇನೋ ಹೇಳಿದರು. ಪರವಾಗಿ ಕೆಲವರು, ವಿರುದ್ಧ ಕೆಲವರು. ಗಲಾಟೆಯಲ್ಲಿ ಹೊತ್ತು ಮುಳುಗಿದ್ದೇ ಗೊತ್ತಾಗಲಿಲ್ಲ. ಕಿಟಕಿ ಕಪ್ಪಾಯಿತು, ಗಾಜುಗಳು ಕಾಣದಾದವು. ತಿಳಿಯೂ ಇಲ್ಲ, ಬಿಳಿಯೂ ಇಲ್ಲ. ಒಬ್ಬೊಬ್ಬರಾಗಿ ಎದ್ದು ಗೋಡೆ ತಡವಿಕೊಂಡು ಹಗ್ಗದ ಕಡೆ ಸಾಗಿದರು. ಪಟೇಲರ ದನಿ ಬಂತು: "ಪಂಪಣ್ಣ, ಬೆಳಗಾಗೋ ತನಕ ಇರು. ಆಮೇಲೆ ಹೊರಡು." ಹುಲಿಗೆವ್ವ ಬಿಕ್ಕುವುದು ಕೇಳಿಸಿತು.

ನಾನು ಹಗ್ಗ ಹಿಡಿದೆ. ನನ್ನ ಮುಂದೆ ಸುಗುಣ, ಅದರ ಮುಂದೆ ಹುಲಿಗೆವ್ವ; ಅವರಿಬ್ಬರಿಗೂ ಈಗ ಹಗ್ಗವಿತ್ತು. ಪಂಪಣ್ಣ ಹೊರಗಿನವನು, ಪಕ್ಕದಲ್ಲಿ ಚರಂಡಿಯ ಬದಿಗೆ ನಡೆಯುತ್ತಿದ್ದ. ಅವನ ಚಪ್ಪಲಿ ನೆಲವನ್ನು ಸವರುತ್ತಾ ಬರುವ ಸದ್ದು ಕೇಳುತ್ತಿತ್ತು. ಕಣ್ಣಿದ್ದವರು ಹಾಗೆ ನಡೆಯುತ್ತಾರೆಯೇ ಎಂದುಕೊಳ್ಳುತ್ತಿದ್ದೆ, ಅಷ್ಟರಲ್ಲಿ ಧಡಾರ್ ಎಂದು ಬಿದ್ದ. ಚರಂಡಿಯ ನೀರು ನನ್ನ ಸೀರೆಗೂ ಸಿಡಿಯಿತು.

"ಅಪ್ಪಾ, ಹಗ್ಗ ಹಿಡ್ಕೋ ಅಂದ್ರ ಕೇಳಂಗಿಲ್ಲ ನೀನು" ಎಂದು ಕೂಗಿತು ಸುಗುಣ.

"ನಂಗಿಲ್ಲವ್ವಾ ಹಗ್ಗ" ಎಂದ ಅವನು, ಕೆಳಗಿನಿಂದ.

ನಾನು ಅಲ್ಲೇ ನಿಂತೆ. "ಪಂಪಣ್ಣ, ನಿಂಗೆ ಕಾಣಲ್ವೇನೋ?"

ಹುಲಿಗೆವ್ವನೇ ಬಾಯಿಬಿಟ್ಟಳು. "ದಸರಾ ಹಬ್ಬದಾಗಿಂದ ಕಾಣವಲ್ದ್ರಿ ಅಕ್ಕಾರ. ದಿನಾ ಒಂದ್ ಕಡೆ ಬಿದ್ದ್ ಬರ್ತಾರ. ಹೇಳ್ರಿ ಹೇಳ್ರಿ ಅಂತ ಬಡ್ಕೊಂಡೆ ನಾ."

"ಯಾಕೋ ಹೇಳ್ಲಿಲ್ಲ?"

"ಗಾಜು ಬೆಳ್ಳಗ ಬಂದ್ ಮ್ಯಾಲ ನಂಗ ಕಣ್ ಕಾಣಂಗಿಲ್ಲ ಅಂದ್ರ ಯಾರ್ ನಂಬತಿದ್ರಿ ಅಕ್ಕಾರ? ಉಳ್ಯಾಕ ನಾಟಕ ಮಾಡ್ತಾನ ಅಂತಿದ್ರಿ. ಕತ್ತಲ್ಯಾಗ ನಾ ಬಿದ್ದಿದ್ ನೋಡಿದವರರ ಯಾರದಾರ ಈ ಊರಾಗ?"

ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು ಎನ್ನುವುದು ನನ್ನಂಥವಳನ್ನು ಕಂಡೇ ಇರಬೇಕು. ನಮ್ಮೂರಿನವರ ಹಾಗೇ ನಿಲ್ಲದ ಅವನ ರಕ್ತವನ್ನು ನನ್ನ ಹೆಬ್ಬೆರಳೇ ಒತ್ತಿ ಹಿಡಿದಿತ್ತು. ಕಾಲಿನ ಕಲೆಗಳನ್ನು ಈ ಕಣ್ಣೇ ನೋಡಿತ್ತು. ನಿಲ್ಲದ ತುಪ್ಪ ತನ್ನ ಜೊತೆಗೆ ಕಣ್ಣಿಗೂ ರಕ್ತ ನಿಲ್ಲುವುದಕ್ಕೂ ಬೇಕಾದ ಏನನ್ನೋ ಕಟ್ಟಿಕೊಂಡು ಹೋಗುತ್ತದೆ. ಒಳಗಿನ ಗಾಣಕ್ಕೆ ಕೊಬ್ಬು ಮಾಡಲು ಗೊತ್ತು, ಮುಸ್ಸಂಜೆಯ ಬೆಳಕು ಮಾಡಲು ಗೊತ್ತಿಲ್ಲ.

"ಪಟೇಲ್ರೇ!" ಎಂದು ಕಿರುಚಿದೆ. ಮುಂದೆ ಹೋಗಿದ್ದವರೆಲ್ಲ ನಿಂತರು. ಹಗ್ಗ ಬಿಗಿಯಾಯಿತು. ಪಟೇಲರು ಕೈ ದಾಟಿಸುತ್ತಾ ಹಿಂದಕ್ಕೆ ಬಂದರು. ಏನೆಂದು ಹೇಳಿದೆ. ಅವರು ಒಂದು ಕೈಯಲ್ಲಿ ಹಗ್ಗ ಹಿಡಿದುಕೊಂಡೇ ಬಗ್ಗಿ, ಕತ್ತಲಲ್ಲಿ ತಡಕಾಡಿ, ಪಂಪಣ್ಣನ ಕಾಲು ಹಿಡಿದರು. ಮೊಣಕಾಲಿನಿಂದ ಪಾದದವರೆಗೆ ಬೆರಳಾಡಿಸಿದರು. ಒಣಗಿದ ಗಾಯ, ಅದರ ಮೇಲೆ ಹಸಿ ಗಾಯ, ಊತ.

"ಇದು ಹಳೇದು" ಎಂದರು. ಬೆರಳನ್ನು ಕೆಳಗೆ ಸರಿಸಿ, "ಇದೂ ಹಳೇದು" ಎಂದರು. ಅವರ ಉಸಿರು ಕೇಳಿಸುತ್ತಿತ್ತು. "ಎಂಥ ಜನಾನೋ ನಾವು. ನಮ್ಮ ಪಕ್ಕದಲ್ಲೇ ದಿನಾ ಬೀಳ್ತಿದ್ದ."

ಆಮೇಲೆ ಅವನ ಕೈ ಹಿಡಿದು ಎತ್ತಿ, ತಂದು ಹಗ್ಗದ ಮೇಲೆ ಇಟ್ಟರು. ನನ್ನ ಕೈಯ ಪಕ್ಕದಲ್ಲೇ. ಒದ್ದೆಯಾಗಿತ್ತು, ಏಲಕ್ಕಿಯ ವಾಸನೆ ಬರುತ್ತಿತ್ತು. ಆ ಕೈ ಮೊದಲು ಹಗ್ಗವನ್ನು ಮುಟ್ಟಿಯೂ ಮುಟ್ಟದಂತೆ ಇತ್ತು. ಆಮೇಲೆ ಗಟ್ಟಿಯಾಗಿ ಹಿಡಿಯಿತು.

ಅಷ್ಟರಲ್ಲಿ ಎದುರಿನಿಂದ ಯಾರೋ ಬರುತ್ತಿದ್ದರು. ನಾವು ತಡಮಾಡಿದ್ದಕ್ಕೆ ಹುಡುಕಿಕೊಂಡು ಹೊರಟ ಬುಡನ್ ಸಾಬರು ಎಂದು ಆಮೇಲೆ ತಿಳಿಯಿತು. ಅವರ ಕೈ ಹುಲಿಗೆವ್ವನನ್ನು ದಾಟಿ, ಮಗುವನ್ನು ದಾಟಿ, ಪಂಪಣ್ಣನ ಬೆರಳಿಗೆ ತಾಗಿ ನಿಂತಿತು.

"ಯಾರದು?"

ನಾನು ಹೇಳಲು ಬಾಯಿ ತೆರೆದವಳು ತುಟಿ ಕಚ್ಚಿಕೊಂಡೆ. ಹಗ್ಗದ ಮೇಲೆ ಅವರವರ ಹೆಸರನ್ನು ಅವರವರೇ ಹೇಳಬೇಕು.

"ಬೇಕರಿ ಪಂಪಣ್ಣರಿ" ಎಂದ ಕಡೆಗೆ. "ಊರಾಂವ."

"ದಾಟ್ಕೋ ಹೋಗಪ್ಪ" ಎಂದರು ಬುಡನ್ ಸಾಬರು, ಮತ್ತು ಅವನ ಕೈ ಮೇಲೆ ತಮ್ಮ ಕೈ ದಾಟಿಸಿದರು.